ಅಪಾಯಸೂಚಕ ಕ್ರಿಯಾಪದಗಳು

ಅಪಾಯಸೂಚಕ ಕ್ರಿಯಾಪದಗಳು ಎಂದರೆ ಅಪಾಯವನ್ನು ಎದುರಿಸುವ, ಅಪಾಯಕ್ಕೆ ಸಿಲುಕುವ ಅಥವಾ ಒಬ್ಬ ವ್ಯಕ್ತಿಯನ್ನೋ ಒಂದು ವಸ್ತುವನ್ನೋ ಅಪಾಯಕ್ಕೆ ಒಡ್ಡುವ ಕ್ರಿಯೆಯನ್ನು ಹೇಳುವ ಪದಗಳು. ಇಂಗ್ಲಿಷ್ ಭಾಷೆಯಲ್ಲಿ ರಿಸ್ಕ್, ಡೇರ್, ವೆಂಚರ್, ಬ್ರೇವ್, ಹ್ಯಾಜರ್ಡ್, ಸ್ಟೇಕ್, ಗ್ಯಾಂಬಲ್, ಎಂಡೇಂಜರ್, ಇಂಪೆರಿಲ್, ಜೆಪರ್ಡೈಸ್, ಎಕ್ಸ್‌ಪೋಸ್ ಎಂಬವು ಈ ಗುಂಪಿನ ಮುಖ್ಯ ಕ್ರಿಯಾಪದಗಳು. ಇಂಗ್ಲಿಷ್-ಕನ್ನಡ ನಿಘಂಟುಗಳಲ್ಲಿ ಇವುಗಳ ಮುಂದೆ ಬಹುಮಟ್ಟಿಗೆ ಒಂದೇ ಬಗೆಯ ಅರ್ಥಗಳು ಕಾಣಿಸಿಕೊಳ್ಳುವುದರಿಂದ ಇವು ಪರ್ಯಾಯಪದಗಳೆಂಬ ಭಾವನೆ ವಿದ್ಯಾರ್ಥಿಗಳಲ್ಲಿ ಸಾಮಾನ್ಯವಾಗಿದೆ. ಆದರೆ ಅಪಾಯ ಯಾರ ಪಾಲಿನದು, ಅದನ್ನು ತಂದವರು ಯಾರು, ತಿಳಿದು ತಂದರೇ ತಿಳಿಯದೆ ತಂದರೇ ಎಂಬ ಪ್ರಶ್ನೆಗಳಿಗೆ ಒಂದೊಂದು ಕ್ರಿಯಾಪದವೂ ಬೇರೆ ಬೇರೆ ಉತ್ತರವನ್ನು ಕೊಡುತ್ತದೆ. ಒಂದು ದುರ್ಘಟನೆಯನ್ನು ವರದಿ ಮಾಡುವಾಗ ಯಾವ ಕ್ರಿಯಾಪದವನ್ನು ಬಳಸಲಾಯಿತು ಎಂಬುದರ ಮೇಲೆ ಹೊಣೆ ಯಾರದೆಂಬ ತೀರ್ಮಾನವೂ ಅರ್ಧ ಆಗಿಹೋಗಿರುತ್ತದೆ.

ಕನ್ನಡದಲ್ಲಿ ಇದೇ ಭೇದಗಳಿಗೆ ಬೇರೆ ಬೇರೆ ಧಾತುಗಳಿಗಿಂತ ಹೆಚ್ಚಾಗಿ ವಿಭಕ್ತಿ ಪ್ರತ್ಯಯಗಳು, 'ಕೊಳ್ಳು', 'ಒಡ್ಡು', 'ಸಿಲುಕು' ಮೊದಲಾದ ಕ್ರಿಯೆಗಳು ಮತ್ತು ನುಡಿಗಟ್ಟುಗಳು ನೆರವಾಗುತ್ತವೆ. ಈ ಲೇಖನದಲ್ಲಿ ಎರಡು ಭಾಷೆಗಳ ವ್ಯವಸ್ಥೆಯನ್ನು ಮುತ್ತತ್ತಿಯ ನದೀತೀರದ ಸಂದರ್ಭಗಳನ್ನು ಉದಾಹರಣೆಯಾಗಿ ಇಟ್ಟುಕೊಂಡು ವಿವರಿಸಲಾಗಿದೆ.

ಉದಾಹರಣೆಯ ಸ್ಥಳ: ಮುತ್ತತ್ತಿ

ಮುತ್ತತ್ತಿಯು ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನಲ್ಲಿ ಕಾವೇರಿ ನದಿಯ ದಡದಲ್ಲಿರುವ ಗ್ರಾಮ. ಸುತ್ತಲೂ 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿಧಾಮದ ಕಾಡು ಹಬ್ಬಿದೆ. ಇಲ್ಲಿನ ಆಂಜನೇಯನನ್ನು ಮುತ್ತತ್ತಿರಾಯ ಎಂದು ಕರೆಯುತ್ತಾರೆ. ವರನಟ ರಾಜಕುಮಾರ್ ಅವರ ಹುಟ್ಟುಹೆಸರಾದ ಮುತ್ತುರಾಜ ಎಂಬುದು ಈ ದೇವರ ಹೆಸರಿನಿಂದಲೇ ಬಂದುದು. ಸ್ಥಳೀಯ ಐತಿಹ್ಯದ ಪ್ರಕಾರ ನದಿಯಲ್ಲಿ ಮೀಯುತ್ತಿದ್ದ ಸೀತೆಯ ಮುತ್ತಿನ ಆಭರಣ ನೀರಿಗೆ ಬಿದ್ದಾಗ ಹನುಮಂತನು ತನ್ನ ಬಾಲದಿಂದ ನೀರನ್ನು ಕಡೆದು ಅದನ್ನು ಮೇಲೆತ್ತಿ ಕೊಟ್ಟನು. ಬಿದ್ದುದು ಉಂಗುರವೆಂದು ಹೇಳುವ ಪಾಠವೂ ಇದೆ. 'ಮುತ್ತು ಎತ್ತಿದ ರಾಯ' ಎಂಬುದೇ ಮುತ್ತತ್ತಿರಾಯ ಆಯಿತೆಂದು ಜನ ಹೇಳುತ್ತಾರೆ.

ಇಲ್ಲಿ ಕಾವೇರಿಯು ನೋಟಕ್ಕೆ ಶಾಂತವಾಗಿದ್ದರೂ ತಳದಲ್ಲಿ ಬಂಡೆಗಳು, ಬಂಡೆಗಳ ನಡುವೆ ಮಡುಗಳು, ಅಲ್ಲಲ್ಲಿ ಸುಳಿಗಳು ಇವೆ. ಮೊಣಕಾಲುದ್ದದ ನೀರಿನಿಂದ ಒಂದೇ ಹೆಜ್ಜೆಗೆ ಆಳುದ್ದದ ಮಡುವಿಗೆ ಇಳಿದುಬಿಡುವ ಜಾಗಗಳುಂಟು. ಪಾಚಿ ಹಿಡಿದ ಕಲ್ಲಿನ ಮೇಲೆ ಕಾಲು ನಿಲ್ಲುವುದಿಲ್ಲ. ಮೇಲ್ಭಾಗದ ಕೃಷ್ಣರಾಜಸಾಗರ ಮತ್ತು ಕಬಿನಿ ಜಲಾಶಯಗಳಿಂದ ನೀರು ಬಿಟ್ಟಾಗ, ಇಲ್ಲಿ ಮಳೆಯ ಸುಳಿವೇ ಇಲ್ಲದಿದ್ದರೂ, ನದಿಯ ಸೆಳವು ಏರುತ್ತದೆ. ದೇವರ ದರ್ಶನಕ್ಕೂ ವಿಹಾರಕ್ಕೂ ಬಂದು ಈಜಲು ಇಳಿದವರು ಮುಳುಗಿ ಸತ್ತ ಪ್ರಕರಣಗಳು ಆಗಾಗ ವರದಿಯಾಗುತ್ತಲೇ ಇವೆ. ಅವುಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ಬಗೆಯೆಂದರೆ, ಮುಳುಗುತ್ತಿದ್ದ ಒಬ್ಬರನ್ನು ಉಳಿಸಲು ಹೋದ ಮತ್ತೊಬ್ಬರೂ ಮುಳುಗುವುದು. ನೀರಿಗೆ ಮೊದಲು ಇಳಿದವರು, ಅವರನ್ನು ಇಳಿಯಲು ಹುರಿದುಂಬಿಸಿದವರು, ಉಳಿಸಲು ಹಾರಿದವರು, ಕಾಲು ಜಾರಿ ಬಿದ್ದವರು, ಈಜು ಬಾರದವರನ್ನು ಕರೆತಂದು ಕಾಯದೆ ಬಿಟ್ಟವರು — ಇವರೆಲ್ಲರ ಕ್ರಿಯೆಯನ್ನೂ ಒಂದೇ ಮಾತಿನಲ್ಲಿ ಹೇಳಲು ಬರುವುದಿಲ್ಲ.

ರಿಸ್ಕ್: ಒಂದು ಕ್ರಿಯಾಪದ, ಮೂರು ಬಗೆಯ ಕರ್ಮಪದ

ಈ ಗುಂಪಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಪದ ರಿಸ್ಕ್. ಅಮೆರಿಕದ ಭಾಷಾವಿಜ್ಞಾನಿ ಚಾರ್ಲ್ಸ್ ಫಿಲ್‌ಮೋರ್ ಮತ್ತು ಬ್ರಿಟನ್ನಿನ ನಿಘಂಟುತಜ್ಞೆ ಬೆರಿಲ್ ಅಟ್ಕಿನ್ಸ್ 1992ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಪೂರ್ತಿಯಾಗಿ ಈ ಪದ ಮತ್ತು ಅದರ ನೆರೆಯ ಪದಗಳ ಮೇಲೆಯೇ ಇದೆ. ಒಂದು ಪದದ ಅರ್ಥವನ್ನು ತಿಳಿಯಲು ಅದರ ಹಿಂದಿರುವ ಇಡೀ ಸನ್ನಿವೇಶದ ಚೌಕಟ್ಟನ್ನು ತಿಳಿಯಬೇಕೆಂಬುದು ಅವರ ವಾದ. ಅಪಾಯದ ಚೌಕಟ್ಟಿನಲ್ಲಿ ಒಬ್ಬ ಕರ್ತೃ, ಅವನು ಮಾಡುವ ಒಂದು ಕೆಲಸ, ಆಗಬಹುದಾದ ಒಂದು ಕೇಡು, ಆ ಕೇಡಿನಿಂದ ಹೋಗಬಹುದಾದ ಒಂದು ಬೆಲೆಯುಳ್ಳ ವಸ್ತು, ಅವನು ಬಯಸುವ ಒಂದು ಲಾಭ ಇವೆಲ್ಲ ಇರುತ್ತವೆ. ಕೇಡು ಆಗಿಯೇ ತೀರುತ್ತದೆ ಎಂದಾದರೆ ಅದು ರಿಸ್ಕ್ ಅಲ್ಲ, ಆಗುವುದೇ ಇಲ್ಲ ಎಂದಾದರೂ ಅಲ್ಲ.

ವಿಶೇಷವೆಂದರೆ ರಿಸ್ಕ್ ಎಂಬ ಕ್ರಿಯಾಪದವು ಈ ಚೌಕಟ್ಟಿನ ಮೂರು ಬೇರೆ ಬೇರೆ ಅಂಶಗಳನ್ನು ತನ್ನ ಕರ್ಮವಾಗಿ ತೆಗೆದುಕೊಳ್ಳಬಲ್ಲದು. ಕರ್ಮಸ್ಥಾನದಲ್ಲಿ ಜೀವ, ಹಣ, ಮಾನ ಇಂಥ ಬೆಲೆಯುಳ್ಳ ವಸ್ತು ಬರಬಹುದು. ಸಾವು, ಸೋಲು, ಮುಳುಗುವಿಕೆ ಇಂಥ ಕೇಡು ಬರಬಹುದು. ಅಥವಾ ನದಿ ದಾಟುವುದು, ಈಜುವುದು ಇಂಥ ಕೆಲಸವೇ ಬರಬಹುದು. ಇಂಗ್ಲಿಷ್‌ನಲ್ಲಿ ಮೂರಕ್ಕೂ ರಿಸ್ಕ್ ಒಂದೇ ಸಾಕು. ಕನ್ನಡಕ್ಕೆ ತರುವಾಗ ಮೂರು ಬೇರೆ ವಾಕ್ಯಗಳಾಗುತ್ತವೆ:

ಅವನು ಜೀವವನ್ನು ಪಣಕ್ಕಿಟ್ಟು ನೀರಿಗೆ ಇಳಿದನು.
ಅವನು ಮುಳುಗಿಹೋಗುವ ಅಪಾಯವನ್ನು ತಂದುಕೊಂಡನು.
ಅವನು ಸುಳಿಯಿದ್ದ ಕಡೆಯಲ್ಲಿ ಈಜುವ ಸಾಹಸಕ್ಕೆ ಕೈಹಾಕಿದನು.

ಮೊದಲನೆಯದರಲ್ಲಿ ಕಳೆದುಹೋಗಬಹುದಾದ ವಸ್ತು, ಎರಡನೆಯದರಲ್ಲಿ ಕೇಡು, ಮೂರನೆಯದರಲ್ಲಿ ಕೆಲಸ ಹೇಳಲ್ಪಟ್ಟಿದೆ. ಇಂಗ್ಲಿಷ್ ಕಲಿಯುವವರು ಎಡವುವುದು ಎರಡನೆಯ ಮತ್ತು ಮೂರನೆಯ ರೂಪಗಳ ನಡುವೆ. 'ರಿಸ್ಕ್ಡ್ ಸ್ವಿಮ್ಮಿಂಗ್' ಎಂದರೂ 'ರಿಸ್ಕ್ಡ್ ಡ್ರೌನಿಂಗ್' ಎಂದರೂ ವ್ಯಾಕರಣದ ರಚನೆ ಒಂದೇ. ಆದರೆ ಒಂದರಲ್ಲಿ ಈಜುವುದು ಅವನು ಬಯಸಿ ಮಾಡಿದ ಕೆಲಸ, ಇನ್ನೊಂದರಲ್ಲಿ ಮುಳುಗುವುದು ಅವನು ಬಯಸದ ಫಲ. ಈ ಭೇದವನ್ನು ತೋರಿಸುವ ಯಾವ ಪ್ರತ್ಯಯವೂ ಅಲ್ಲಿಲ್ಲ, ಲೋಕಜ್ಞಾನದಿಂದಲೇ ತಿಳಿಯಬೇಕು. ರಿಸ್ಕ್ ಆದ ಮೇಲೆ 'ಟು' ಸೇರಿದ ಕ್ರಿಯಾರೂಪ ಬರುವುದಿಲ್ಲ, '-ಇಂಗ್' ರೂಪವೇ ಬರಬೇಕು ಎಂಬ ನಿಯಮವನ್ನೂ ಇದರೊಂದಿಗೇ ನೆನಪಿಡಬೇಕಾಗುತ್ತದೆ.

ಮುತ್ತತ್ತಿಯ ಐತಿಹ್ಯ ಇಲ್ಲಿ ಒಂದು ಒಳ್ಳೆಯ ಪರೀಕ್ಷೆಯಾಗಬಲ್ಲದು. ಹನುಮಂತನು ಮುತ್ತನ್ನು ತರಲು ಕಾವೇರಿಯನ್ನು ಕಲಕಿದ್ದಕ್ಕೆ ರಿಸ್ಕ್ ಎಂಬ ಪದ ಹೊಂದುವುದಿಲ್ಲ. ಚಿರಂಜೀವಿಯಾದ ಅವನಿಗೆ ಆ ನೀರಿನಲ್ಲಿ ಕಳೆದುಕೊಳ್ಳುವುದೇನೂ ಇರಲಿಲ್ಲ. ಕಳೆದುಕೊಳ್ಳಲು ಏನೂ ಇಲ್ಲದವನ ಕ್ರಿಯೆಗೆ ಈ ಪದ ಹತ್ತುವುದಿಲ್ಲ.

ಅಪಾಯವನ್ನು ಕೊಳ್ಳುವುದು, ಅಪಾಯದೊಳಗೆ ಇರುವುದು

ರಿಸ್ಕ್ ನಾಮಪದವಾದಾಗ ಅದರ ಜೊತೆಗೆ ಬರುವ ಸಹಾಯಕ ಕ್ರಿಯೆ ಅರ್ಥವನ್ನು ಬದಲಿಸುತ್ತದೆ. 'ಟೇಕ್' ಎಂಬ ಕ್ರಿಯೆ ಸೇರಿದರೆ ಕರ್ತೃವು ಅಪಾಯವನ್ನು ತಿಳಿದು, ಆಯ್ದು, ಒಪ್ಪಿಕೊಂಡಿದ್ದಾನೆ ಎಂದಾಗುತ್ತದೆ. 'ರನ್' ಸೇರಿದರೆ ಅವನು ಅಂಥ ಸ್ಥಿತಿಯಲ್ಲಿ ಇದ್ದಾನೆ ಎಂದಷ್ಟೇ ಆಗುತ್ತದೆ. ಅದು ಅವನಿಗೆ ತಿಳಿದಿರಬೇಕೆಂದೇನೂ ಇಲ್ಲ. ಎಚ್ಚರಿಕೆಯ ಫಲಕವನ್ನು ಓದಿಯೂ ನೀರಿಗೆ ಹಾರುವ ಯುವಕನಿಗೆ ಮೊದಲನೆಯದು ಸಲ್ಲುತ್ತದೆ. ಮೇಲಿನ ಜಲಾಶಯದಿಂದ ನೀರು ಬಿಟ್ಟಿರುವುದನ್ನು ಅರಿಯದೆ ದಡದ ಬಂಡೆಯ ಮೇಲೆ ಬಟ್ಟೆ ಒಗೆಯುತ್ತಿರುವ ಹೆಂಗಸಿಗೆ ಎರಡನೆಯದು ಮಾತ್ರ ಸಲ್ಲುತ್ತದೆ.

ಕನ್ನಡದಲ್ಲಿ ಈ ಭೇದ ಇನ್ನೂ ಸ್ಪಷ್ಟ. ತಿಳಿಯದೆ ಒಳಗಾದವರು 'ಅಪಾಯಕ್ಕೆ ಸಿಲುಕುತ್ತಾರೆ' ಅಥವಾ 'ಈಡಾಗುತ್ತಾರೆ'. ಇಲ್ಲಿ ಅಪಾಯವೇ ಬಲೆ, ಮನುಷ್ಯ ಅದರಲ್ಲಿ ಸಿಕ್ಕಿದವನು. ತಿಳಿದೇ ಮುಂದಾದವರು ಅಪಾಯವನ್ನು 'ತಂದುಕೊಳ್ಳುತ್ತಾರೆ', 'ಮೈಮೇಲೆ ಎಳೆದುಕೊಳ್ಳುತ್ತಾರೆ'. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದಂತೆ ಎಂಬ ಗಾದೆ ಹೇಳುವುದೂ ಇದನ್ನೇ. ನೀರಿನಲ್ಲಿ ಸತ್ತವರ ಬಗ್ಗೆ ಬರೆಯುವಾಗ 'ಅಪಾಯ ಲೆಕ್ಕಿಸದೆ' ಎಂಬ ಸಿದ್ಧಪದಪುಂಜವು ಎಲ್ಲರಿಗೂ ಅಂಟಿಕೊಳ್ಳುವುದುಂಟು. ಲೆಕ್ಕಿಸದಿರುವುದಕ್ಕೆ ಮೊದಲು ಲೆಕ್ಕ ಗೊತ್ತಿರಬೇಕು. ಫಲಕವೇ ಇಲ್ಲದ ಕಡೆ ಕಾಲು ಜಾರಿದ ಮಗುವಿಗೆ ಆ ಮಾತನ್ನು ಬಳಸಿದರೆ ವಾಕ್ಯದ ಭಾರ ಸತ್ತವರ ಮೇಲೆ ಬೀಳುತ್ತದೆ.

ಎದುರಿಸುವ ಕ್ರಿಯಾಪದಗಳು

ಡೇರ್, ಬ್ರೇವ್, ವೆಂಚರ್ ಎಂಬವು ಅಪಾಯಕ್ಕಿಂತ ಹೆಚ್ಚಾಗಿ ಅದರ ಮುಂದೆ ನಿಂತವನ ಮನಸ್ಸನ್ನು ಹೇಳುತ್ತವೆ.

ಡೇರ್ ಪ್ರಾಚೀನ ಇಂಗ್ಲಿಷ್‌ನಿಂದಲೇ ಬಂದ ದೇಶ್ಯ ಪದ. ವ್ಯಾಕರಣದಲ್ಲಿ ಇದರ ನಡತೆ ವಿಚಿತ್ರ. ಕೆಲವು ವಾಕ್ಯಗಳಲ್ಲಿ, ಮುಖ್ಯವಾಗಿ ನಿಷೇಧ ಮತ್ತು ಪ್ರಶ್ನೆಗಳಲ್ಲಿ, ಇದು 'ಕ್ಯಾನ್', 'ಮಸ್ಟ್' ಗಳಂತೆ ಸಹಾಯಕ ಕ್ರಿಯಾಪದವಾಗಿ ನಿಲ್ಲುತ್ತದೆ. ಉಳಿದ ಕಡೆ ಸಾಮಾನ್ಯ ಕ್ರಿಯಾಪದದಂತೆ 'ಟು' ಸೇರಿದ ರೂಪವನ್ನು ತೆಗೆದುಕೊಳ್ಳುತ್ತದೆ. ಕನ್ನಡದಲ್ಲಿ 'ಧೈರ್ಯ ಮಾಡು', 'ಎದೆಗಾರಿಕೆ ತೋರು' ಎಂದು ಹೇಳಬಹುದು. ಆದರೆ ವ್ಯಕ್ತಿವಾಚಕ ಕರ್ಮ ಬಂದೊಡನೆ ಅರ್ಥ ಪೂರ್ತಿಯಾಗಿ ತಿರುಗಿ, ಇನ್ನೊಬ್ಬರಿಗೆ ಸವಾಲು ಹಾಕು ಎಂದಾಗುತ್ತದೆ. ಗೆಳೆಯರ ಗುಂಪೊಂದು ನದಿಯ ನಡುಬಂಡೆಗೆ ಈಜಿಹೋಗಲು ಒಬ್ಬನಿಗೆ ಸವಾಲು ಹಾಕಿದರೆ, ಧೈರ್ಯ ಮಾಡಿದವನಿಗೂ ಸವಾಲು ಹಾಕಿದವರಿಗೂ ಇಂಗ್ಲಿಷ್‌ನಲ್ಲಿ ಒಂದೇ ಕ್ರಿಯಾಪದ. ಕನ್ನಡ ಇವೆರಡನ್ನೂ ಎಂದೂ ಒಂದು ಮಾಡಿಲ್ಲ.

ವೆಂಚರ್ ಎಂಬುದು ಅಡ್ವೆಂಚರ್ ಎಂಬುದರ ಸಂಕ್ಷಿಪ್ತ ರೂಪ. ಭಾರತದ ಇಂಗ್ಲಿಷ್ ಪತ್ರಿಕೆಗಳು ಜಲದುರಂತಗಳನ್ನು ವರದಿ ಮಾಡುವಾಗ ಹೆಚ್ಚಾಗಿ ನೆಚ್ಚುವ ಕ್ರಿಯಾಪದ ಇದೇ. ಸುರಕ್ಷಿತವಾದ ಒಂದು ಎಲ್ಲೆಯನ್ನು ದಾಟಿ ಆಚೆಗೆ ಹೋದರು ಎಂಬ ಭಾವ ಅದರಲ್ಲಿ ಅಡಗಿದೆ. ಕನ್ನಡ ಪತ್ರಿಕೆಗಳು ಅದೇ ಸ್ಥಾನದಲ್ಲಿ 'ಇಳಿ' ಎಂಬ ಸರಳ ಕ್ರಿಯೆಯನ್ನು ಬಳಸುತ್ತವೆ: 'ಈಜಲು ನೀರಿಗೆ ಇಳಿದಿದ್ದರು'. 'ಇಳಿ' ಯಾರನ್ನೂ ದೂರುವುದಿಲ್ಲ, ಹೊಗಳುವುದೂ ಇಲ್ಲ. ಈ ವಿಷಯದಲ್ಲಿ ಕನ್ನಡದ ವರದಿಯೇ ಹೆಚ್ಚು ನ್ಯಾಯವಾದುದು ಎನ್ನಬೇಕು.

ಬ್ರೇವ್ ಕ್ರಿಯಾಪದವಾದಾಗ ಅದರ ಕರ್ಮ ಸಾಮಾನ್ಯವಾಗಿ ಮಳೆ, ಚಳಿ, ಪ್ರವಾಹ, ಬಿಸಿಲು ಇಂಥ ಪ್ರಕೃತಿಯ ಶಕ್ತಿಗಳು ಅಥವಾ ಜನರ ಕೋಪ. 'ಲೆಕ್ಕಿಸದೆ', 'ಎದೆಗುಂದದೆ' ಎಂಬವು ಇದಕ್ಕೆ ಹತ್ತಿರವಾಗುತ್ತವೆ.

ಇಂಗ್ಲಿಷ್‌ನ ಈ ಕ್ರಿಯಾಪದಗಳಲ್ಲಿ ಧೈರ್ಯ ಒಳ್ಳೆಯದೋ ಕೆಟ್ಟದೋ ಎಂಬುದು ಸಂದರ್ಭಕ್ಕೆ ಬಿಟ್ಟ ವಿಷಯ. ಕನ್ನಡದಲ್ಲಿ ಆ ತೀರ್ಪು ಪದದೊಳಗೇ ಸೇರಬಹುದು. 'ಸಾಹಸ' ಮತ್ತು 'ದುಸ್ಸಾಹಸ' ಇದಕ್ಕೆ ಸಾಕ್ಷಿ. ಸಂಸ್ಕೃತದ ಧರ್ಮಶಾಸ್ತ್ರಗಳಲ್ಲಿ ಸಾಹಸ ಎಂದರೆ ಬಲಪ್ರಯೋಗದಿಂದ ಮಾಡಿದ ಅಪರಾಧ; ವ್ಯವಹಾರದ 18 ಪದಗಳಲ್ಲಿ ಅದೂ ಒಂದು. ಕನ್ನಡದಲ್ಲಿ ರನ್ನನ ಕಾಲಕ್ಕಾಗಲೇ ಅದು ಮೆಚ್ಚುಗೆಯ ಮಾತಾಗಿತ್ತು. ಅವನ ಗದಾಯುದ್ಧಕ್ಕೆ ಸಾಹಸಭೀಮವಿಜಯ ಎಂಬ ಇನ್ನೊಂದು ಹೆಸರಿದೆ. ಹೀಗೆ ಒಳ್ಳೆಯದಾದ ಪದಕ್ಕೆ ಮತ್ತೆ 'ದುಃ' ಸೇರಿಸಿ ಹಳೆಯ ಕೆಡುಕನ್ನು ಮರಳಿ ತರಬೇಕಾಯಿತು.

ಅಪಾಯಕ್ಕೆ ಒಡ್ಡುವ ಕ್ರಿಯಾಪದಗಳು ಮತ್ತು ಕಾನೂನು

ಎಂಡೇಂಜರ್, ಇಂಪೆರಿಲ್, ಜೆಪರ್ಡೈಸ್ ಈ ಮೂರರಲ್ಲಿ ಕರ್ತೃವೇ ಬೇರೆ, ಕೇಡಿಗೆ ಗುರಿಯಾಗುವವರೇ ಬೇರೆ ಆಗಿರುವುದು ಸಾಮಾನ್ಯ. ಕರ್ತೃ ಮನುಷ್ಯನೇ ಆಗಿರಬೇಕಾಗಿಯೂ ಇಲ್ಲ. ಮಾಲಿನ್ಯ, ಬರ, ಒಂದು ಯೋಜನೆ ಇವೂ ಕರ್ತೃಗಳಾಗಬಹುದು. ಎಂಡೇಂಜರ್ ಹೆಚ್ಚಾಗಿ ಜೀವ ಮತ್ತು ಜೀವಸಂಕುಲದ ಜೊತೆಗೂ, ಜೆಪರ್ಡೈಸ್ ಹೆಚ್ಚಾಗಿ ಉದ್ಯೋಗ, ಮಾತುಕತೆ, ಭವಿಷ್ಯ ಇಂಥವುಗಳ ಜೊತೆಗೂ ಬರುತ್ತದೆ. ಇಂಪೆರಿಲ್ ಈಗ ಬಹಳ ಗ್ರಾಂಥಿಕ.

ಇವುಗಳಲ್ಲಿ ಎಂಡೇಂಜರ್ ಭಾರತದ ದಂಡಶಾಸನದ ಪದವೂ ಹೌದು. 1860ರ ಭಾರತೀಯ ದಂಡ ಸಂಹಿತೆಯ 336ನೆಯ ಪ್ರಕರಣವು ದುಡುಕಿನಿಂದ ಅಥವಾ ನಿರ್ಲಕ್ಷ್ಯದಿಂದ ಇತರರ ಜೀವವನ್ನು ಅಥವಾ ವೈಯಕ್ತಿಕ ಸುರಕ್ಷತೆಯನ್ನು ಅಪಾಯಕ್ಕೆ ಒಡ್ಡುವುದನ್ನು ಅಪರಾಧವಾಗಿಸಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 125ನೆಯ ಪ್ರಕರಣವಾಗಿದೆ. ಮೂರು ತಿಂಗಳವರೆಗಿನ ಸೆರೆವಾಸ ಹಾಗೆಯೇ ಉಳಿದಿದೆ. ಜುಲ್ಮಾನೆಯ ಮಿತಿ 250 ರೂಪಾಯಿಯಿಂದ 2,500 ರೂಪಾಯಿಗೆ ಏರಿದೆ. ಗಾಯವಾದರೆ ಶಿಕ್ಷೆ ಹೆಚ್ಚುತ್ತದೆ. ಯಾರಿಗೂ ಏನೂ ಆಗದಿದ್ದರೂ ಅಪರಾಧ ಪೂರ್ಣವಾಗುತ್ತದೆ ಎಂಬುದು ಇಲ್ಲಿ ಗಮನಿಸಬೇಕಾದ ಅಂಶ. ಅದು ಎಂಡೇಂಜರ್ ಎಂಬ ಕ್ರಿಯಾಪದದ ಅರ್ಥದಲ್ಲೇ ಇದೆ: ಕೇಡಿನ ಸಾಧ್ಯತೆಯನ್ನು ಉಂಟುಮಾಡಿದರೆ ಕ್ರಿಯೆ ಮುಗಿಯಿತು, ಕೇಡು ಸಂಭವಿಸಬೇಕಾಗಿಲ್ಲ.

ದುಡುಕು ಮತ್ತು ನಿರ್ಲಕ್ಷ್ಯ ಎಂಬ ಜೋಡಿಯನ್ನು ಮದರಾಸು ಹೈಕೋರ್ಟು 1872ರಲ್ಲಿ ನಿಡಮರ್ತಿ ನಾಗಭೂಷಣಂ ಪ್ರಕರಣದಲ್ಲಿ ಬಿಡಿಸಿ ಹೇಳಿತು. ಕೇಡಾಗಬಹುದೆಂದು ತಿಳಿದೂ ಆಗಲಾರದೆಂಬ ಆಸೆಯಿಂದ ಮುನ್ನುಗ್ಗುವುದು ದುಡುಕು. ತಿಳಿದಿರಬೇಕಾದುದನ್ನು ತಿಳಿಯದೆ, ವಹಿಸಬೇಕಾದ ಎಚ್ಚರ ವಹಿಸದೆ ನಡೆಯುವುದು ನಿರ್ಲಕ್ಷ್ಯ. ಮೇಲೆ ಹೇಳಿದ 'ಟೇಕ್' ಮತ್ತು 'ರನ್' ಭೇದಕ್ಕೂ ಇದಕ್ಕೂ ನಂಟಿದೆ. ಅಲ್ಲಿ ಅಪಾಯ ಕರ್ತೃವಿನದೇ, ಇಲ್ಲಿ ಪರರದು.

ಈ ಎರಡೂ ಗುಂಪುಗಳ ಪದಗಳು ಒಟ್ಟಿಗೆ ಬೇಕಾಗುವ ಸಂದರ್ಭಕ್ಕೆ ಕರ್ನಾಟಕದಲ್ಲೇ ಒಂದು ದಾರುಣ ನಿದರ್ಶನವಿದೆ. 2016ರ ನವೆಂಬರ್ 7ರಂದು 'ಮಾಸ್ತಿ ಗುಡಿ' ಚಲನಚಿತ್ರದ ಸಾಹಸದೃಶ್ಯಕ್ಕಾಗಿ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಹೆಲಿಕಾಪ್ಟರಿನಿಂದ ನೀರಿಗೆ ಹಾರಿದ ಇಬ್ಬರು ಖಳನಟರು ಮುಳುಗಿ ಸತ್ತರು. ಆ ಜಲಾಶಯವಿರುವ ಅರ್ಕಾವತಿ ನದಿಯು ಮುತ್ತತ್ತಿಯ ಕೆಳಭಾಗದಲ್ಲಿ, ಸಂಗಮ ಎಂಬಲ್ಲಿ, ಕಾವೇರಿಯನ್ನು ಸೇರುತ್ತದೆ. ನಟರು ಜೀವವನ್ನು ಪಣಕ್ಕಿಟ್ಟರು ಎಂದು ಹೇಳಿದರೆ ಅದು ಮೆಚ್ಚುಗೆಯ ವಾಕ್ಯ, ಕರ್ತೃಗಳು ಅವರೇ. ನಟರ ಜೀವವನ್ನು ಅಪಾಯಕ್ಕೆ ಒಡ್ಡಲಾಯಿತು ಎಂದರೆ ಕರ್ತೃವಿನ ಸ್ಥಾನ ಖಾಲಿಯಾಗಿ, ಅದನ್ನು ಯಾರಾದರೂ ತುಂಬಬೇಕಾಗುತ್ತದೆ. ಚಿತ್ರತಂಡದ ಕೆಲವರ ಮೇಲೆ ಪೊಲೀಸ್ ಪ್ರಕರಣ ದಾಖಲಾದುದು ಎರಡನೆಯ ವಾಕ್ಯದ ಆಧಾರದ ಮೇಲೆಯೇ.

ಕನ್ನಡದ 'ಒಡ್ಡು' ಮತ್ತು 'ಕೊಳ್ಳು'

ಕನ್ನಡದಲ್ಲಿ ಈ ಅರ್ಥವಲಯದ ಕೇಂದ್ರದಲ್ಲಿರುವ ಧಾತು 'ಒಡ್ಡು'. ಮುಂದಿಡು, ಚಾಚು, ಎದುರಿಗೆ ಹಿಡಿ ಎಂಬುದು ಇದರ ಮೂಲಾರ್ಥ. ಕೈಯೊಡ್ಡುವುದು ಬೇಡುವವನ ಕೆಲಸ, ಬಲೆಯೊಡ್ಡುವುದು ಬೇಟೆಗಾರನದು, ಕೊರಳೊಡ್ಡುವುದು ಸೋತವನದು, ಎದೆಯೊಡ್ಡುವುದು ವೀರನದು. ಇದೇ ಧಾತುವಿಗೆ ಜೂಜಿನಲ್ಲಿ ಪಣ ಇಡು ಎಂಬ ಅರ್ಥವೂ ಉಂಟು. ಪಣಕ್ಕೆ 'ಒಡ್ಡ' ಎಂಬ ಹೆಸರಿದೆ. ಕುಮಾರವ್ಯಾಸಭಾರತದ ಸಭಾಪರ್ವದಲ್ಲಿ ಧರ್ಮರಾಯನ ಜೂಜಿನ ಪ್ರಸಂಗವನ್ನು ಓದುವವರಿಗೆ ಈ ಪದ ಪರಿಚಿತ. ನೀರಿಗೆ ಅಡ್ಡಲಾಗಿ ಕಟ್ಟುವ ಏರಿಯೂ 'ಒಡ್ಡು'. ಹೀಗೆ ಅಪಾಯಕ್ಕೆ ಎದುರಾಗುವುದು, ಇರುವುದನ್ನು ಪಣವಾಗಿ ಇಡುವುದು, ಅಪಾಯವನ್ನು ತಡೆಯುವುದು ಮೂರೂ ಒಂದೇ ಪದದ ಸುತ್ತ ಸೇರಿಕೊಂಡಿವೆ. ಇಂಗ್ಲಿಷ್‌ನ ಎಕ್ಸ್‌ಪೋಸ್ ಮತ್ತು ಸ್ಟೇಕ್ ಎರಡಕ್ಕೂ ಕನ್ನಡದಲ್ಲಿ 'ಒಡ್ಡು' ಒದಗುವುದು ಈ ಕಾರಣದಿಂದ.

ಅಪಾಯ ಯಾರಿಗೆ ಎಂಬುದನ್ನು ಕನ್ನಡವು ಮುಖ್ಯವಾಗಿ 'ಕೊಳ್ಳು' ಎಂಬ ಆತ್ಮಾರ್ಥಕ ಸಹಾಯಕ್ರಿಯೆಯಿಂದ ತೋರಿಸುತ್ತದೆ. 'ಅಪಾಯ ತಂದುಕೊಂಡನು' ಎಂದರೆ ತನಗೆ. 'ಅಪಾಯ ತಂದೊಡ್ಡಿದನು' ಎಂದರೆ ಇತರರಿಗೆ. ಧಾತು ಎರಡರಲ್ಲೂ 'ತರು' ಒಂದೇ. ಇಂಗ್ಲಿಷ್ ಎರಡು ಬೇರೆ ಕ್ರಿಯಾಪದಗಳಿಂದ ಮಾಡುವ ಕೆಲಸವನ್ನು ಕನ್ನಡ ಒಂದು ಬಾಲದಿಂದ ಮಾಡಿ ಮುಗಿಸುತ್ತದೆ. ಅನುವಾದದಲ್ಲಿ ಎಂಡೇಂಜರ್ ಎಂಬುದಕ್ಕೆ 'ಅಪಾಯ ತಂದುಕೊಳ್ಳು' ಎಂದು ಬರೆದರೆ ತಪ್ಪು ಚಿಕ್ಕದಾಗಿ ಕಂಡರೂ ಆರೋಪಿ ಸಂತ್ರಸ್ತನಾಗಿಬಿಡುತ್ತಾನೆ.

ಉಳಿಸಲು ಹೋದವರಿಗೆ ಕನ್ನಡ ಬೇರೆಯೇ ನುಡಿಗಟ್ಟನ್ನು ಮೀಸಲಿಟ್ಟಿದೆ: 'ಪ್ರಾಣದ ಹಂಗು ತೊರೆದು'. ಹಂಗು ಎಂದರೆ ಋಣ, ಅಧೀನತೆ. ಇಲ್ಲಿ ಜೀವವು ಪಣವಲ್ಲ, ಲಾಭದ ಲೆಕ್ಕವಿಲ್ಲ. ತನ್ನ ಜೀವಕ್ಕೆ ತಾನು ಕಟ್ಟುಬಿದ್ದಿರುವುದನ್ನೇ ಬಿಟ್ಟು ನಡೆಯುವುದು. ಬೀಳುತ್ತಿದ್ದ ತಮ್ಮನನ್ನು ಹಿಡಿಯಲು ಸುಳಿಗೆ ಹಾರಿದ ಅಣ್ಣನ ಕ್ರಿಯೆಯನ್ನು ಇಂಗ್ಲಿಷ್‌ನಲ್ಲಿ ರಿಸ್ಕ್ ಎಂದೇ ಹೇಳಬೇಕು. ಬಾಜಿಗಾಗಿ ಹಾರಿದವನಿಗೂ ಅದೇ ಪದ. ಕನ್ನಡದಲ್ಲಿ ಬಾಜಿಗಾಗಿ ಹಾರಿದವನು ಪ್ರಾಣದ ಹಂಗು ತೊರೆದನೆಂದು ಯಾರೂ ಹೇಳುವುದಿಲ್ಲ.

'ಕುತ್ತು' ಮತ್ತು 'ಸಂಚಕಾರ' ಎಂಬ ನಾಮಪದಗಳು 'ತರು', 'ಬರು' ಕ್ರಿಯೆಗಳೊಡನೆ ಸೇರಿ ಇದೇ ಅರ್ಥ ಕೊಡುತ್ತವೆ: 'ಜೀವಕ್ಕೆ ಕುತ್ತು ಬಂತು', 'ಕೆಲಸಕ್ಕೆ ಸಂಚಕಾರ ತಂದಿತು'. ಜೆಪರ್ಡೈಸ್ ಎಂಬುದಕ್ಕೆ ಎರಡನೆಯದಷ್ಟು ಹೊಂದುವ ಮಾತು ಬೇರಿಲ್ಲ. ಸಂಚಕಾರವು ಸಂಸ್ಕೃತದ ಸತ್ಯಂಕಾರ ಎಂಬುದರ ತದ್ಭವ. ವ್ಯಾಪಾರ ಕುದುರಿದಾಗ ಮಾತು ಖಚಿತವೆಂದು ತೋರಿಸಲು ಕೊಡುವ ಮುಂಗಡ ಹಣ ಎಂಬುದು ಅದರ ಹಳೆಯ ಅರ್ಥ. ಮುಂಗಡ ಕೊಟ್ಟ ವಸ್ತು ಕೈಬಿಟ್ಟಂತೆಯೇ ಸರಿ. ಜೀವಕ್ಕೆ ಸಂಚಕಾರ ಬಂದಿತೆಂದರೆ ಯಮನು ಮುಂಗಡ ಕೊಟ್ಟುಹೋದನೆಂದು ಭಾವಿಸಬಹುದು.

ಪದಗಳ ಮೂಲ

ಈ ಇಂಗ್ಲಿಷ್ ಪದಗಳಲ್ಲಿ ಹಲವು ಆಟದ ಮನೆಯಿಂದ ಬಂದವು. ಹ್ಯಾಜರ್ಡ್ ಮೊದಲು ಒಂದು ದಾಳದ ಆಟದ ಹೆಸರು. ಹಳೆಯ ಫ್ರೆಂಚಿನ ಮೂಲಕ ಬಂದ ಈ ಪದದ ಬೇರು ದಾಳ ಎಂಬರ್ಥದ ಅರಬ್ಬಿ ಪದದಲ್ಲಿದೆಯೆಂದು ಸಾಮಾನ್ಯವಾಗಿ ಹೇಳುತ್ತಾರೆ. ಜೆಪರ್ಡಿ ಎಂಬುದು ಸಮನಾಗಿ ಹಂಚಿಹೋದ ಆಟ, ಅಂದರೆ ಯಾರು ಗೆಲ್ಲುವರೆಂದು ಹೇಳಲಾಗದ ಸ್ಥಿತಿ ಎಂಬ ಫ್ರೆಂಚ್ ಮಾತಿನಿಂದ ಬಂದಿದೆ. ಗ್ಯಾಂಬಲ್ ಕೂಡ ಆಟ ಎಂಬ ಪದಕ್ಕೆ ಸಂಬಂಧಿಸಿದ್ದು. ಪೆರಿಲ್ ಎಂಬುದರ ಲ್ಯಾಟಿನ್ ಮೂಲಕ್ಕೆ ಪರೀಕ್ಷೆ, ಪ್ರಯೋಗ ಎಂಬ ಅರ್ಥವಿತ್ತು. ಡೇಂಜರ್ ಎಂಬುದು ಒಡೆಯ ಎಂಬರ್ಥದ ಲ್ಯಾಟಿನ್ ಪದದಿಂದ ಹುಟ್ಟಿ, ಒಬ್ಬರ ಅಧಿಕಾರಕ್ಕೆ ಸಿಕ್ಕಿಬಿದ್ದಿರುವುದು ಎಂಬ ಅರ್ಥದಿಂದ ಇಂದಿನ ಅರ್ಥಕ್ಕೆ ಬಂದಿದೆ. ರಿಸ್ಕ್ 17ನೆಯ ಶತಮಾನದಲ್ಲಿ ಫ್ರೆಂಚ್ ಮತ್ತು ಇಟಾಲಿಯನ್ ಮೂಲಕ ಇಂಗ್ಲಿಷಿಗೆ ಬಂದಿತು.

ಕನ್ನಡದ ಅಪಾಯ ಸಂಸ್ಕೃತದ್ದು. ದೂರ ಸರಿಯುವುದು, ಅಗಲುವುದು ಎಂಬುದು ಅದರ ಮೂಲಾರ್ಥ. ಪಾಣಿನಿಯು ಅಪಾದಾನ ಕಾರಕವನ್ನು ವಿವರಿಸುವಾಗ ಈ ಅರ್ಥದಲ್ಲೇ ಬಳಸಿದ್ದಾನೆ. ಹತ್ತಿರ ಸಾರುವುದು ಉಪಾಯ, ಕೈತಪ್ಪಿ ಹೋಗುವುದು ಅಪಾಯ. ಉಪಾಯವನ್ನು ಯೋಚಿಸುವಾಗಲೇ ಅಪಾಯವನ್ನೂ ಯೋಚಿಸಬೇಕೆಂಬ ಜೋಡಿಮಾತು ಪಂಚತಂತ್ರದ ಕೊಕ್ಕರೆ ಮತ್ತು ಮುಂಗುಸಿಯ ಕಥೆಯಿಂದ ಪ್ರಸಿದ್ಧ.

'ಅಪಾಯ' ಎಂಬ ಪದದ ಇಬ್ಬಗೆ

ಇಂಗ್ಲಿಷ್‌ನ ಡೇಂಜರ್ ಕೇಡಿನ ಸಾಧ್ಯತೆಯನ್ನು ಮಾತ್ರ ಹೇಳುತ್ತದೆ. ಕನ್ನಡದ ಅಪಾಯಕ್ಕೆ ಸಾಧ್ಯತೆಯೂ ಅರ್ಥ, ಸಂಭವಿಸಿದ ಕೇಡೂ ಅರ್ಥ. ವಿದ್ಯುತ್ ಪರಿವರ್ತಕದ ಮೇಲೆ ತಲೆಬುರುಡೆಯ ಚಿತ್ರದೊಡನೆ 'ಅಪಾಯ' ಎಂದು ಬರೆದಿರುವಲ್ಲಿ ಮೊದಲನೆಯ ಅರ್ಥ. ಬಸ್ಸು ಹಳ್ಳಕ್ಕೆ ಉರುಳಿದ ಸುದ್ದಿಯಲ್ಲಿ 'ಯಾವುದೇ ಪ್ರಾಣಾಪಾಯ ಸಂಭವಿಸಿಲ್ಲ' ಎಂದಿರುವಲ್ಲಿ ಎರಡನೆಯದು. ಈ ವಾಕ್ಯವನ್ನು ಜೀವಕ್ಕೆ ಡೇಂಜರ್ ಇರಲಿಲ್ಲ ಎಂದು ಇಂಗ್ಲಿಷಿಗೆ ತಿರುಗಿಸಿದರೆ ಪೂರ್ತಿ ತಪ್ಪಾಗುತ್ತದೆ. ಯಾರೂ ಸತ್ತಿಲ್ಲ ಎಂಬುದಷ್ಟೇ ಅದರ ತಾತ್ಪರ್ಯ. ಅಪಾಯವಂತೂ ಇದ್ದೇ ಇತ್ತು.

ವಿಪತ್ತು ನಿರ್ವಹಣೆಯ ಶಾಸ್ತ್ರದಲ್ಲಿ ಈ ತೊಡಕು ಇನ್ನೊಂದು ಬಗೆಯಲ್ಲಿ ಎದುರಾಗುತ್ತದೆ. ಅಲ್ಲಿ ಹ್ಯಾಜರ್ಡ್ ಎಂದರೆ ಕೇಡಿನ ಮೂಲ, ರಿಸ್ಕ್ ಎಂದರೆ ಆ ಮೂಲಕ್ಕೆ ಎದುರಾದವರಿಗೆ ಕೇಡಾಗುವ ಸಂಭವ ಮತ್ತು ಅದರ ಪ್ರಮಾಣ. ಮುತ್ತತ್ತಿಯ ಸುಳಿ ಹ್ಯಾಜರ್ಡ್. ದಡದಲ್ಲಿ ಕೂತು ಬುತ್ತಿ ಉಣ್ಣುವವರಿಗೆ ಅದರಿಂದ ರಿಸ್ಕ್ ಇಲ್ಲ, ನೀರಿಗೆ ಇಳಿದವರಿಗೆ ಇದೆ, ಈಜು ಬಾರದವರಿಗೆ ಹೆಚ್ಚು. ಸುಳಿಯನ್ನು ತೆಗೆಯಲಾಗದು, ರಿಸ್ಕನ್ನು ತಗ್ಗಿಸಬಹುದು ಎಂಬ ಮುಖ್ಯ ವಿಚಾರ ಎರಡಕ್ಕೂ 'ಅಪಾಯ' ಎಂದೇ ಬರೆಯುವ ಪಾಠಗಳಲ್ಲಿ ಮರೆಯಾಗುತ್ತದೆ. ಮೊದಲನೆಯದಕ್ಕೆ 'ಅಪಾಯದ ಮೂಲ' ಎಂದು ಬರೆದರೆ ಗೊಂದಲ ಬಹಳಷ್ಟು ಕಡಿಮೆಯಾಗುತ್ತದೆ. ಹ್ಯಾಜರ್ಡ್ ಎಂಬ ಕ್ರಿಯಾಪದವಾದರೋ ಈಗ ಅಂದಾಜಿನ ಮೇಲೆ ಒಂದು ಉತ್ತರ ಹೇಳಿಬಿಡುವುದು 'ಹ್ಯಾಜರ್ಡ್ ಎ ಗೆಸ್' ಎಂಬ ಪದಪುಂಜದಲ್ಲೇ ಹೆಚ್ಚಾಗಿ ಉಳಿದುಕೊಂಡಿದೆ.

ಎಚ್ಚರಿಕೆಯ ಫಲಕಗಳ ಭಾಷೆಗೂ ಇದು ಸಂಬಂಧಿಸಿದೆ. 'ಇಲ್ಲಿ ಈಜುವುದು ಅಪಾಯಕರ' ಎಂಬ ವಾಕ್ಯದಲ್ಲಿ ಕರ್ತೃವೂ ಇಲ್ಲ, ಕೇಡು ಯಾವುದೆಂಬುದೂ ಇಲ್ಲ. ಈಜು ಬಲ್ಲೆನೆಂದು ನಂಬಿದವನಿಗೆ ಅದು ತನ್ನನ್ನು ಕುರಿತ ಮಾತೆಂದು ತೋರದು. 'ನೀರಿನಡಿ ಸುಳಿಯಿದೆ, ಇಳಿಯಬೇಡಿ' ಎಂಬ ವಾಕ್ಯದಲ್ಲಿ ಕೇಡಿನ ಮೂಲವೂ ಇದೆ, ಮಾಡಬಾರದ ಕೆಲಸವೂ ಇದೆ.

ನಿಘಂಟುಗಳಲ್ಲಿ ಮತ್ತು ಆಡುಮಾತಿನಲ್ಲಿ

ಫರ್ಡಿನೆಂಡ್ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿಯೂ, ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು 1946ರಲ್ಲಿಯೂ ಪ್ರಕಟವಾದವು. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ಕನ್ನಡ ನಿಘಂಟಿನ ಸಂಪಾದಕರಾಗಿದ್ದ ಜಿ. ವೆಂಕಟಸುಬ್ಬಯ್ಯನವರು (1913–2021) ಮಂಡ್ಯ ಜಿಲ್ಲೆಯವರೇ. ಪ್ರಜಾವಾಣಿಯ 'ಇಗೋ ಕನ್ನಡ' ಅಂಕಣದಲ್ಲಿ ಪದಗಳ ಇಂಥ ಸಂದೇಹಗಳಿಗೆ ಅವರು ವರ್ಷಗಟ್ಟಲೆ ಉತ್ತರ ಕೊಟ್ಟರು. ನಿಘಂಟಿನ ಸ್ವರೂಪವೇ ಪದಕ್ಕೆ ಪದವನ್ನು ಕೊಡುವುದಾದ್ದರಿಂದ, ಕರ್ಮಪದ ಬದಲಾದಾಗ ಅನುವಾದವೂ ಬದಲಾಗುವ ರಿಸ್ಕ್‌ನಂಥ ಕ್ರಿಯಾಪದಗಳನ್ನು ಉದಾಹರಣೆಯ ವಾಕ್ಯಗಳಿಲ್ಲದೆ ವಿವರಿಸುವುದು ಕಷ್ಟ.

ಆಡುಮಾತು ಈ ತೊಡಕನ್ನು ಎರವಲಿನಿಂದ ಪರಿಹರಿಸಿಕೊಂಡಿದೆ. ಕನ್ನಡವು ಇಂಗ್ಲಿಷ್ ಪದವನ್ನು ನೇರವಾಗಿ ಕ್ರಿಯಾಪದವಾಗಿ ತೆಗೆದುಕೊಳ್ಳದೆ ನಾಮಪದವಾಗಿ ತಂದು ಅದಕ್ಕೆ ತನ್ನದೇ ಕ್ರಿಯೆಯನ್ನು ಜೋಡಿಸುತ್ತದೆ. 'ರಿಸ್ಕ್ ತಗೋಬ್ಯಾಡ ಕಣ್ಲಾ' ಎಂಬ ಮಂಡ್ಯದ ಕಡೆಯ ಮಾತಿನಲ್ಲಿ 'ತಗೋ' ಎಂಬುದರೊಳಗೆ 'ಕೊಳ್ಳು' ಅಡಗಿದೆ. ಆದ್ದರಿಂದ ಅಪಾಯ ಕೇಳುಗನದೇ ಎಂಬುದೂ ಅದರಲ್ಲಿ ತಾನಾಗಿ ಸೇರಿಕೊಂಡಿದೆ. ಇತರರನ್ನು ಅಪಾಯಕ್ಕೆ ಒಡ್ಡುವ ಅರ್ಥದಲ್ಲಿ ರಿಸ್ಕ್ ಎಂಬ ಎರವಲು ಬಳಕೆಗೆ ಬರುವುದು ಕಡಿಮೆ. ಆ ಸ್ಥಾನದಲ್ಲಿ ಆಡುಮಾತೂ 'ತಂದಿಡು', 'ಸಿಕ್ಕಿಸು' ಎಂಬ ಕನ್ನಡ ಕ್ರಿಯೆಗಳನ್ನೇ ಉಳಿಸಿಕೊಂಡಿದೆ.